ಒಲೆ ಹಚ್ಚಿದ ಮನೆಗೊಂದು ಗುಡ್ಡೆ

ಚಿಕ್ಕಯ್ಯನಛತ್ರ ದಾಟಿ ನಮ್ಮೂರಿನ ತಿರುವಿಗೆ ಬಂದಾಗ ಕಾರಿನ ಗಾಜು ಇಳಿಸಿದೆ. ಕುರಿಯ ತಲೆಕಾಲು ಸುಡುವ ವಾಸನೆ ಒಳಗೆ ನುಗ್ಗಿತು. ಪಕ್ಕದಲ್ಲಿದ್ದ ಮಗಳು ಮೂಗು ಮುಚ್ಚಿಕೊಂಡು "ಅಮ್ಮಾ, ಗಾಜು ಏರಿಸು" ಎಂದಳು. ನಾನು ಏರಿಸಲಿಲ್ಲ. ಯುಗಾದಿಯ ಮಾರನೆಯ ದಿನ, ಅಂದರೆ ಹೊಸತೊಡಕಿನ ಬೆಳಿಗ್ಗೆ, ನಮ್ಮ ಸೀಮೆಯ ಊರುಗಳೆಲ್ಲ ಹೀಗೇ ಇರುತ್ತವೆ. ಬೇರೆಯವರಿಗೆ ಅದು ಸುಟ್ಟ ಕೂದಲಿನ ನಾತ. ನನಗೆ ಮಾತ್ರ ಆ ಹೊಗೆಯ ಹಿಂದೆಯೇ ಕಾಫಿಯ ಪರಿಮಳವೂ ಬಂದಂತಾಗುತ್ತದೆ. ಬಿರ್ಗಿಟ್ ಮೇಡಂ ನೆನಪಾಗುತ್ತಾರೆ. ಅವರ ಜೊತೆಗೇ ಆ ಒಂದು ವಸಂತವೂ ನೆನಪಾಗುತ್ತದೆ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಾನು ಬೆಂಗಳೂರಿನ ಒಂದು ಸಣ್ಣ ಟ್ರಾವೆಲ್ಸ್‌ನಲ್ಲಿ ಕೆಲಸಕ್ಕೆ ಸೇರಿದ್ದೆ. ಅಷ್ಟು ಹೊತ್ತಿಗೆ ಆ ನಗರದಲ್ಲಿ ಪರದೇಶದವರು ಹೆಚ್ಚತೊಡಗಿದ್ದರು. ನಾಲ್ಕು ದಿನ ನೋಡಿ ಹೋಗಲು ಬಂದವರಲ್ಲ. ಕಾರ್ಖಾನೆಗಳಲ್ಲಿ ಎರಡು ಮೂರು ವರ್ಷದ ಕೆಲಸಕ್ಕೆಂದು ಬಂದು ಮನೆ ಮಾಡಿಕೊಂಡವರು. ವಾರವೆಲ್ಲ ಹೇಗೋ ಕಳೆಯುತ್ತಿತ್ತು. ಶನಿವಾರ, ಭಾನುವಾರ ಬಂದರೆ ಯಾರ ಮನೆಗೆ ಹೋಗುವುದು? ಅವರಿಗಿಲ್ಲಿ ನೆಂಟರಿಲ್ಲ, ಮದುವೆಮುಂಜಿಯಿಲ್ಲ, ಹಬ್ಬಕ್ಕೆ ಬನ್ನಿ ಎಂದು ಕರೆಯುವ ಅಕ್ಕಪಕ್ಕದವರಿಲ್ಲ. ಆ ಎರಡು ದಿನಗಳನ್ನು ತುಂಬಿಸಿಕೊಡುವುದೇ ನಮ್ಮ ವ್ಯಾಪಾರವಾಗಿತ್ತು. ನಾನು ಮೈಸೂರು ಜಿಲ್ಲೆಯವಳು ಎಂಬ ಒಂದೇ ಕಾರಣಕ್ಕೆ ಮಾಲೀಕರು ಈ ಕಡೆಯ ಪ್ರವಾಸಗಳನ್ನೆಲ್ಲ ನನ್ನ ತಲೆಗೆ ಕಟ್ಟಿದ್ದರು.

ಶಿವರಾತ್ರಿಗೆ ಮೊದಲು ಸೋಮನಾಥಪುರಕ್ಕೆ ಹೋದೆವು. ಅದಾದ ಮೇಲೆ ತಲಕಾಡಿನ ಮರಳಿಗೆ. ಒಂದು ಮಿನಿಬಸ್ಸು, ಅದರ ಡ್ರೈವರ್ ಮದ್ದೂರಿನ ನಾಗರಾಜಣ್ಣ, ಎಂಟೊಂಬತ್ತು ಜನ. ಅವರಲ್ಲಿ ತಪ್ಪದೆ ಬರುತ್ತಿದ್ದವರು ಇಬ್ಬರು. ಒಬ್ಬರು ಜರ್ಮನಿಯ ಬಿರ್ಗಿಟ್ ಮೇಡಂ. ಅರವತ್ತರ ಹತ್ತಿರದ ವಯಸ್ಸು, ಗಂಡ ಯಂತ್ರದ ಕಾರ್ಖಾನೆಯಲ್ಲಿ ಭಾನುವಾರವೂ ಕೆಲಸ ಮಾಡುವ ಆಸಾಮಿ. ಮೇಡಂಗೆ ಹನ್ನೊಂದು ಗಂಟೆಗೆ ಕಾಫಿ ಬೇಕೇ ಬೇಕು, ಅದೂ ಅವರ ಕೈಯದೇ ಆಗಬೇಕು. ಅದಕ್ಕೆಂದೇ ಒಂದು ಪುಟ್ಟ ಹಿತ್ತಾಳೆಯ ಸ್ಪಿರಿಟ್ ಒಲೆಯನ್ನು ಚೀಲದಲ್ಲಿ ಹೊತ್ತುಕೊಂಡು ಬರುತ್ತಿದ್ದರು. ದೇವಸ್ಥಾನವಿರಲಿ, ನದಿಯಿರಲಿ, ಹನ್ನೊಂದಾದರೆ ಒಲೆ ಹತ್ತಲೇಬೇಕು. ಇನ್ನೊಬ್ಬರು ಜಪಾನಿನ ಮೋರಿ. ಬಿಡದಿಯ ಕಡೆ ಯಾವುದೋ ಕಾರ್ಖಾನೆಯಲ್ಲಿ ಮಾಲಿನ ಗುಣಮಟ್ಟ ನೋಡುವವರು. ಮಾತು ಕಡಿಮೆ. ಎಲ್ಲಿ ಇಳಿದರೂ ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಬೂಟು ಬಿಚ್ಚಿ ಅಂಚಿನಲ್ಲಿ ಸಾಲಾಗಿಟ್ಟು, ಅದರ ಮೇಲೆ ಕೂರುತ್ತಿದ್ದರು.

ತಲಕಾಡಿನಿಂದ ವಾಪಸು ಬರುವಾಗ ಬಿರ್ಗಿಟ್ ಮೇಡಂ ನನ್ನನ್ನು ಕೇಳಿದರು, "ರತ್ನಾ, ನಿಮ್ಮಲ್ಲಿ ವಸಂತ ಎಲ್ಲಿರುತ್ತದೆ? ಚಳಿ ಮುಗಿದದ್ದೇ ಸೆಕೆ ಶುರುವಾಯಿತು. ನಡುವೆ ಒಂದು ದಿನವಾದರೂ ಇರಬೇಕಲ್ಲ?" ನನಗೆ ನಗು ಬಂತು. ಜೊತೆಗೆ ಸ್ವಲ್ಪ ರೋಷವೂ ಬಂತು. ನಮ್ಮೂರಿಗೆ ವಸಂತ ಇಲ್ಲವೆಂದರೆ ಹೇಗೆ? ಹೊಂಗೆ ಚಿಗುರಿ ಹೂವಾಗಲಿ, ತೋರಿಸುತ್ತೇನೆ ಅಂದೆ. ಮೋರಿ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ, ತಮ್ಮ ದೇಶದಲ್ಲಿ ಈ ಕಾಲದಲ್ಲಿ ಆಫೀಸಿನವರೆಲ್ಲ ಹೂಬಿಟ್ಟ ಮರದ ಕೆಳಗೆ ಕೂತು ಉಣ್ಣುತ್ತಾರೆ, ಎರಡು ವರ್ಷದಿಂದ ತನಗೆ ಅದು ತಪ್ಪಿಹೋಗಿದೆ ಅಂದರು. ಅಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಆ ವರ್ಷ ಯುಗಾದಿ ಶನಿವಾರ ಬಿತ್ತು. ನಮ್ಮ ಮಾಲೀಕರು ಕರಾವಳಿಯವರು. ಶನಿವಾರ ಹಬ್ಬ ಮುಗಿಯಿತು, ಭಾನುವಾರ ಖಾಲಿ ಎಂದುಕೊಂಡು ಅಂದೇ ಪ್ರವಾಸ ಇಟ್ಟರು. ನಂಜನಗೂಡಿನ ದೇವಸ್ಥಾನ, ಬದನವಾಳಿನ ಖಾದಿ ಕೇಂದ್ರ, ಅವರ ನೆಂಟರೊಬ್ಬರು ಹೇಳಿದ್ದ ತೋಟದ ಮನೆಯಲ್ಲಿ ಊಟ, ಸಂಜೆ ತಿರುಮಕೂಡಲು ನರಸೀಪುರದ ಸಂಗಮ. ಹೊಸತೊಡಕಿನ ದಿನ ನಮ್ಮ ಕಡೆ ಒಂದು ಹುಳವೂ ಮನೆ ಬಿಟ್ಟು ಕದಲುವುದಿಲ್ಲ ಎಂದು ನಾನು ಹೇಳಿ ನೋಡಿದೆ. ಕೇಳಲಿಲ್ಲ. ಮಾಲೀಕರು ಜೊತೆಗಿಲ್ಲದೆ ನಾನೊಬ್ಬಳೇ ಕರೆದುಕೊಂಡು ಹೋಗುವ ಮೊದಲ ಪ್ರವಾಸ ಅದು. ಹೆಚ್ಚು ವಾದ ಮಾಡುವ ಧೈರ್ಯ ನನಗೂ ಇರಲಿಲ್ಲ.

ನಾಗರಾಜಣ್ಣನ ಮುಖ ಬೆಳಿಗ್ಗೆಯಿಂದಲೇ ಊದಿಕೊಂಡಿತ್ತು. "ಮನೇಲಿ ಮಟನ್ನು ಬೇಯ್ತಾ ಅದೆ, ನಾನಿಲ್ಲಿ ಸ್ಟೇರಿಂಗ್ ತಿರುಗುಸ್ತಾ ಇವ್ನಿ" ಎಂದು ಪ್ರತಿ ಗೇರಿಗೂ ಒಮ್ಮೆ ಗೊಣಗುತ್ತಿದ್ದ. ದೇವಸ್ಥಾನವೇನೋ ಚೆನ್ನಾಗಿಯೇ ಆಯಿತು. ಕಪಿಲೆಯ ಮೆಟ್ಟಿಲ ಮೇಲೆ ಎಲ್ಲರೂ ಕಾಲು ಇಳಿಬಿಟ್ಟು ಕೂತು ಬಾಳೆಹಣ್ಣು ತಿಂದರು. ಬದನವಾಳಿನಲ್ಲಿ ಖಾದಿ ಕೇಂದ್ರದ ಬಾಗಿಲು ಹಾಕಿತ್ತು. ಅದನ್ನೂ ಸಹಿಸಿಕೊಂಡರು. ಹಸಿದುಕೊಂಡು ಊಟದ ತೋಟಕ್ಕೆ ಹೋದರೆ ಗೇಟಿಗೆ ಸರಪಳಿ, ಬೀಗ. ಅಡುಗೆಯವರೆಲ್ಲ ಹಬ್ಬಕ್ಕೆ ಊರಿಗೆ ಹೋಗಿದ್ದರು.

"ಯೋಳ್ಲಿಲ್ವಾ ಮೇಡಂ? ಇವತ್ತು ಈ ಸುತ್ತಿನಲ್ಲಿ ಯಾವ ಓಟ್ಲೂ ತೆಗೆಯಲ್ಲ" ಅಂದ ನಾಗರಾಜಣ್ಣ. ಹಾಗೆ ಹೇಳುವುದರಲ್ಲಿ ಅವನಿಗೆ ಸ್ವಲ್ಪ ಖುಷಿಯೇ ಇತ್ತು. ಬಿಸಿಲು ರಣಗುಡುತ್ತಿತ್ತು. ಹಿಂದಿನ ಸೀಟಿನ ವಯಸ್ಸಾದ ಹೆಂಗಸೊಬ್ಬರಿಗೆ ತಲೆ ಸುತ್ತು. ಅಲ್ಲಿಂದ ಅತಿ ಹತ್ತಿರವಿದ್ದ ನೆರಳು, ನೀರು ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅದು ನಮ್ಮೂರು. ನಮ್ಮ ಮನೆಗೆ ಬೀಗ ಬಿದ್ದು ಒಂಬತ್ತು ವರ್ಷವಾಗಿತ್ತು.

ಆ ಬೀಗದ ಕಥೆ ಹೇಳಬೇಕು. ನಮ್ಮೂರಿನಲ್ಲಿ ಹೊಸತೊಡಕಿಗೆ ಯಾರೂ ಅಂಗಡಿಯ ಮಾಂಸ ತರುವುದಿಲ್ಲ. ಬೀದಿಯವರೆಲ್ಲ ಸೇರಿ ಕುರಿಗಳನ್ನು ಕೊಯ್ದು, ತೆಂಗಿನ ಗರಿ ಹಾಸಿ, ಅದರ ಮೇಲೆ ಮನೆಗೊಂದರಂತೆ ಮಾಂಸದ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಯಲ್ಲೂ ಒಂದಿಷ್ಟು ಮೆತ್ತನೆಯದು, ಒಂದಿಷ್ಟು ಮೂಳೆ, ಒಳಗಿನ ಅಂಗಗಳಲ್ಲಿ ಚೂರು ಈಲಿ, ಚೂರು ಬೋಟಿ ಇರಬೇಕು. ಯಾವ ಮನೆಯ ಒಲೆ ಅಂದು ಹತ್ತಿದೆಯೋ ಆ ಮನೆಗೊಂದು ಗುಡ್ಡೆ. ಗುಡ್ಡೆ ಬಂದರೆ ಆ ಮನೆ ಊರಿನಲ್ಲಿದೆ ಎಂದರ್ಥ. ಹಾಕುವ ಕೆಲಸ ನಮ್ಮ ದೊಡ್ಡಪ್ಪ ಮಾದಯ್ಯನವರದು, ಎಲ್ಲವೂ ಕಣ್ಣಳತೆ. ನಮ್ಮಪ್ಪ ಅವರ ತಮ್ಮ, ಮೇಷ್ಟ್ರು. ಲೆಕ್ಕವನ್ನು ಲೆಕ್ಕದಂತೆಯೇ ಮಾಡಬೇಕೆನ್ನುವ ಜನ. ಒಂದು ಹೊಸತೊಡಕಿನ ದಿನ, ಯಾರೋ ಗುಡ್ಡೆ ಸಣ್ಣದಾಯಿತೆಂದು ಗೊಣಗಿದರು ಎಂಬ ನೆಪಕ್ಕೆ, ಅಪ್ಪ ಶೆಟ್ಟರ ಅಂಗಡಿಯಿಂದ ತಕ್ಕಡಿ ತಂದು ಗುಡ್ಡೆಗಳ ಮುಂದೆ ಇಟ್ಟರು. ಊರೆಲ್ಲ ನೋಡುತ್ತಿತ್ತು. ದೊಡ್ಡಪ್ಪ ಕೈ ತೊಳೆದುಕೊಂಡು ಎದ್ದು, "ತೂಕ ಬೇಕಾದೋರ್ಗೆ ಟೌನಲ್ಲಿ ಬೇಕಾದಷ್ಟು ಅಂಗ್ಡಿ ಅವೆ" ಎಂದುಬಿಟ್ಟರು. ಆ ವಾರವೇ ಅಪ್ಪ ಮನೆಗೆ ಬೀಗ ಜಡಿದು ನರಸೀಪುರದಲ್ಲಿ ಬಾಡಿಗೆ ಮನೆ ಹಿಡಿದರು. ಅಮ್ಮ ಮತ್ತು ದೊಡ್ಡಮ್ಮ ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು. ಅಣ್ಣತಮ್ಮನಿಗೆ ಅಕ್ಕತಂಗಿಯನ್ನು ತಂದಿದ್ದರು. ಗಂಡಸರ ತಕ್ಕಡಿ ಜಗಳದಲ್ಲಿ ಅವರಿಬ್ಬರ ಮಾತೂ ನಿಂತಿತು. ಪ್ರತಿ ಹೊಸತೊಡಕಿಗೂ ಅಪ್ಪ ನರಸೀಪುರದ ಮಟನ್ ಅಂಗಡಿಯ ಸಾಲಿನಲ್ಲಿ ನಿಂತು, ತೂಗಿಸಿಕೊಂಡು ತಂದು ಕೊಡುತ್ತಿದ್ದರು. ಅಮ್ಮ ಬೇಯಿಸುತ್ತಿದ್ದಳು, ಬಡಿಸುತ್ತಿದ್ದಳು. ಅವಳು ಉಂಡದ್ದನ್ನು ನಾನು ನೋಡಿಲ್ಲ.

ನಾಗರಾಜಣ್ಣನಿಗೆ ಕೊನೆಗೂ ದಾರಿ ಹೇಳಿದೆ. ಬಸ್ಸು ನಮ್ಮ ಬೀಗ ಹಾಕಿದ ಮನೆಯ ಮುಂದೆ ನಿಂತಿತು. ಜಗಲಿಗೆ ಧೂಳು ಕೂತಿತ್ತು. ಆದರೆ ಮನೆ ಮುಂದಿನ ಹೊಂಗೆಮರ ಹೂಬಿಟ್ಟು, ನೆಲ ಕಾಣದ ಹಾಗೆ ಉದುರಿಸಿತ್ತು. ಮೋರಿ ಬಸ್ಸಿನಿಂದ ಇಳಿದವರು ಹೂವಿನ ಅಂಚಿಗೇ ನಿಂತುಬಿಟ್ಟರು, ತುಳಿಯಲು ಮನಸ್ಸಾಗದವರ ಹಾಗೆ. ಆಮೇಲೆ ನೀಲಿ ಹಾಳೆಯನ್ನು ಮೆಲ್ಲಗೆ ಹಾಸಿ, ಬೂಟು ಬಿಚ್ಚಿಟ್ಟು, ಮರದ ಕಡೆ ಮುಖಮಾಡಿ ಕೂತರು. ಎದುರು ಮನೆಯ ಪುಟ್ಟತಾಯಮ್ಮ ಬಿಂದಿಗೆಯಲ್ಲಿ ನೀರು ತಂದಳು. ನನ್ನನ್ನು ಗುರುತು ಹಿಡಿದು, "ಅಯ್ಯೋ, ಮೇಷ್ಟ್ರ ಮಗಳು ರತ್ನವ್ವ ಅಲ್ವಾ!" ಎಂದು ಗಲ್ಲ ಸವರಿದಳು. ಸಾಲಾಗಿಟ್ಟ ಬೂಟುಗಳನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಬಿರ್ಗಿಟ್ ಮೇಡಂಗೆ ಕಾಫಿಯ ಹೊತ್ತು ಮೀರಿ ಹೋಗಿತ್ತು. ಜಗಲಿಯ ಧೂಳನ್ನು ತಮ್ಮ ಟೋಪಿಯಿಂದಲೇ ಗುಡಿಸಿ, ಹಿತ್ತಾಳೆ ಒಲೆ ಇಟ್ಟು ಕಡ್ಡಿ ಗೀರಿದರು. ನೀಲಿ ಉರಿ ಎದ್ದಿತು. ಪುಟ್ಟತಾಯಮ್ಮನ ನಗು ನಿಂತಿತು. ಅವಳು ಒಲೆಯನ್ನು ನೋಡಿದಳು, ಬೀಗವನ್ನು ನೋಡಿದಳು, ನನ್ನನ್ನು ನೋಡಿದಳು. ಸರಸರನೆ ಬೀದಿಯ ಕೊನೆಗೆ ನಡೆದಳು. ಅಲ್ಲಿ ಅರಳೀಕಟ್ಟೆಯ ಹತ್ತಿರ ಗುಡ್ಡೆ ಹಾಕುತ್ತಿದ್ದರು. ಅವಳ ದನಿ ನಮ್ಮವರೆಗೂ ಕೇಳಿಸಿತು: "ಮಾದಣ್ಣೋ, ಮೇಷ್ಟ್ರ ಮನೆ ಜಗ್ಲಿ ಮೇಲೆ ಒಲೆ ಅಚ್ಚವ್ರೆ!"

ಓಡಿಹೋಗಿ, ಅದು ಕಾಫಿಯ ಒಲೆ, ಇವರು ದಾರಿಹೋಕರು ಎಂದು ಹೇಳಿಬಿಡಬಹುದಿತ್ತು. ಹೋಗಲಿಲ್ಲ. ಏನಾಗುತ್ತಿದೆ ಎಂದು ಬಿರ್ಗಿಟ್ ಮೇಡಂ ಕೇಳಿದರು. ತಕ್ಕಡಿಯ ವಿಷಯ ಬಿಟ್ಟು ಉಳಿದದ್ದನ್ನು ಹೇಳಿದೆ. ಅವರು ಗಾಬರಿಯಾಗಿ ಒಲೆ ಆರಿಸಲು ಹೋದರು. ನಾನು ಅವರ ಕೈ ಹಿಡಿದುಕೊಂಡೆ. ಯಾಕೆ ಹಿಡಿದೆನೋ, ಅಂದು ಯೋಚಿಸಿ ಮಾಡಿದ್ದಲ್ಲ. ನಮ್ಮ ಮನೆಯ ಮುಂದೆ ಒಂದು ಒಲೆ ಉರಿಯುತ್ತಿತ್ತು, ಅದು ಆರುವುದು ನನಗೆ ಬೇಡವಾಗಿತ್ತು, ಅಷ್ಟೆ.

ಪುಟ್ಟತಾಯಮ್ಮ ಅಲ್ಲಿಂದಲೇ ಕೈಬೀಸಿ ಕರೆದಳು, ಅರಳೀಕಟ್ಟೆಯವರೆಗೆ ಎಲ್ಲರೂ ನಡೆದೆವು. ದೊಡ್ಡಪ್ಪ ಕುಕ್ಕುರುಗಾಲಲ್ಲಿ ಕೂತಿದ್ದರು. ತಲೆ ಪೂರ್ತಿ ನೆರೆತಿತ್ತು. ನನ್ನ ಕಡೆ ಒಮ್ಮೆ ನೋಡಿದರು. ಗುಡ್ಡೆಗಳೆಲ್ಲ ಆಗಲೇ ಹಾಕಿ ಮುಗಿದಿದ್ದವು. ಅವರು ಒಂದೊಂದೇ ಗುಡ್ಡೆಯ ಬಳಿ ಸರಿದು, ಒಂದೊಂದು ತುಂಡು ತೆಗೆದು, ತೆಂಗಿನ ಗರಿಯ ಖಾಲಿ ತುದಿಯಲ್ಲಿ ಹೊಸದೊಂದು ಗುಡ್ಡೆ ಕಟ್ಟತೊಡಗಿದರು. ಯಾರೊಬ್ಬರೂ ಬೇಡ ಅನ್ನಲಿಲ್ಲ.

ಆಗಲೇ ಬಿರ್ಗಿಟ್ ಮೇಡಂ ಆ ಮಾತು ಕೇಳಿದ್ದು. "ರತ್ನಾ, ಇವರು ತಕ್ಕಡಿ ಏಕೆ ಬಳಸುವುದಿಲ್ಲ?"

ದೊಡ್ಡಪ್ಪ ತಲೆಯೆತ್ತಿ, "ಏನಂತೆ?" ಅಂದರು. ಸುಳ್ಳು ಹೇಳಬಹುದಿತ್ತು. ಆದರೆ ಮೇಡಂ ಕೇಳುವ ಭರದಲ್ಲಿ ಎರಡು ಕೈಗಳನ್ನೂ ತಟ್ಟೆಗಳ ಹಾಗೆ ಏರಿಸಿ ಇಳಿಸಿ ತೋರಿಸಿದ್ದರು. ಊರೆಲ್ಲ ಅದನ್ನು ನೋಡಿತ್ತು.

"ತಕ್ಕಡಿ ಇಲ್ವಾ ಅಂತ ಕೇಳ್ತಾವ್ರೆ, ದೊಡ್ಡಪ್ಪ" ಅಂದೆ.

ದೊಡ್ಡಪ್ಪ ಮಾಂಸದ ಕೈಯನ್ನೊಮ್ಮೆ ನೋಡಿಕೊಂಡರು. "ಗುಡ್ಡೆ ಆಕ್ದೋನು ಕೊನೇಲಿ ತಕಬೇಕು ಕಣವ್ವ. ಎಲ್ಲಾರೂ ಬೇಕಾದ್ದ ಆರಿಸ್ಕಂಡು ಓದ್ಮೇಲೆ ಉಳ್ದದ್ದು ನಂದು. ಇನ್ನ ನಾನ್ಯಾಕೆ ಎಚ್ಚುಕಮ್ಮಿ ಮಾಡಾನೆ? ಇಷ್ಟು ಯೋಳಿದ್ರೆ ಮುಗೀತಿತ್ತು." ಅವರ ದನಿ ಇಳಿಯಿತು. "ಅವತ್ತು ನಿಮ್ಮಪ್ಪಂಗೂ ಇಷ್ಟೇ ಯೋಳ್ಬೇಕಿತ್ತು. ಎಲ್ರ ಮುಂದೆ ತಕ್ಕಡಿ ಮಡಗ್ಬುಟ್ಟ, ನಂಗೂ ಕ್ವಾಪ ಬಂದ್ಬುಡ್ತು. ಓಗ್ಲಿ, ಬೇಕಾದ್ರೆ ಈಗ್ಲೂ ತಕ್ಕಡಿ ತರ್ಲಿ ಕಣ್ಮಗ. ಬೀಗ ತೆಗೀಲಿ."

ಆಮೇಲೆ ಹೊಸ ಗುಡ್ಡೆಯನ್ನು ಮುತ್ತುಗದ ಎಲೆಗೆ ಎತ್ತಿಕೊಂಡು ನನ್ನ ಮುಂದೆ ಹಿಡಿದರು. ಒಲೆ ಹಚ್ಚಿದ ಮನೆಯವರೇ ಅದಕ್ಕೆ ಕೈಯೊಡ್ಡಬೇಕು. ನಾನು ಒಡ್ಡಿದರೆ ಅಪ್ಪನ ಒಂಬತ್ತು ವರ್ಷದ ಹಟವನ್ನು ಅವರನ್ನು ಕೇಳದೆಯೇ ಮುರಿದ ಹಾಗೆ. ಒಡ್ಡದಿದ್ದರೆ ಊರ ಮುಂದೆ ದೊಡ್ಡಪ್ಪನಿಗೆ ಎರಡನೆಯ ಸಲ ಅವಮಾನ. ಆಮೇಲೆ ಈ ಬಾಗಿಲು ಯಾವತ್ತೂ ತೆರೆಯುವುದಿಲ್ಲ. ನಮ್ಮ ಹಿಂದೆ ನಿಂತಿದ್ದ ಮೋರಿ ಏನರ್ಥ ಮಾಡಿಕೊಂಡರೋ, ಮುಂದೆ ಬಂದು ದೊಡ್ಡಪ್ಪನಿಗೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ದೊಡ್ಡಪ್ಪ ಕಕ್ಕಾಬಿಕ್ಕಿಯಾಗಿ, ಕೈಯಲ್ಲಿ ಎಲೆ ಹಿಡಿದುಕೊಂಡೇ ತಾವೂ ಅಷ್ಟೇ ಬಗ್ಗಿದರು. ಮೋರಿ ಇನ್ನೊಮ್ಮೆ ಬಗ್ಗಿದರು, ದೊಡ್ಡಪ್ಪನೂ ಬಗ್ಗಿದರು. ಹೆಂಗಸರು ನಗಲು ಶುರುಮಾಡಿದರು. ಆ ನಗುವಿನಲ್ಲಿ ನನ್ನ ಕೈಗಳು ತಾವಾಗಿ ಮುಂದೆ ಹೋದವು. ಎಲೆ ಇನ್ನೂ ಬೆಚ್ಚಗಿತ್ತು.

ಹೆಂಗಸರ ನಡುವೆ ನಿಂತಿದ್ದ ದೊಡ್ಡಮ್ಮ ಆ ಎಲೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ತನ್ನ ಮನೆಯೊಳಗೆ ಹೋದಳು. ಸಾರಿಗೆ ಹುರಿದದ್ದು, ಅರೆದದ್ದು, ಮುದ್ದೆ ತಿರುವಿದ್ದು ಎಲ್ಲದರ ನಡುವೆ ಮೂಗು ಸೀಟುತ್ತಲೇ ಇದ್ದಳು. ಹೊಂಗೆಮರದ ಕೆಳಗೆ, ನೀಲಿ ಹಾಳೆಯ ಮೇಲೂ ಅದರ ಸುತ್ತಲೂ ಊರವರು, ಪರದೇಶದವರು ಬೆರೆತು ಕೂತು ಉಂಡೆವು. ಸಾರಿನ ಮೇಲೆ ಹೂ ಉದುರುತ್ತಿತ್ತು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಪುಟ್ಟತಾಯಮ್ಮ ಬಿರ್ಗಿಟ್ ಮೇಡಂಗೆ ಗಂಟಲು ಮುಟ್ಟಿ ಮುಟ್ಟಿ ಕಲಿಸಿದಳು. ನಾಗರಾಜಣ್ಣ ಮೂರನೆಯ ಮುದ್ದೆಗೆ ಕೈ ಹಾಕಿದಾಗ ಅವನ ಮುಖದ ಊತ ಪೂರ್ತಿ ಇಳಿದಿತ್ತು. "ಸಿಕ್ಕಿತು ರತ್ನಾ, ನಿಮ್ಮ ವಸಂತ" ಅಂದರು ಮೇಡಂ, ಕಣ್ಣಲ್ಲಿ ಖಾರದ ನೀರು ತುಂಬಿಕೊಂಡು.

ಸಂಜೆ ಸಂಗಮದ ಮೆಟ್ಟಿಲ ಮೇಲೆ ಎಲ್ಲರನ್ನೂ ಬಿಟ್ಟು, ದೊಡ್ಡಮ್ಮ ಕಟ್ಟಿಕೊಟ್ಟ ಟಿಫನ್ ಕ್ಯಾರಿಯರ್ ಹಿಡಿದು ನರಸೀಪುರದ ನಮ್ಮ ಬಾಡಿಗೆ ಮನೆಗೆ ಹೊರಟೆ. ಬಿರ್ಗಿಟ್ ಮೇಡಂ, "ಬೆಂಕಿ ಹಚ್ಚಿದವಳು ನಾನು, ಬೈಗುಳದಲ್ಲಿ ನನಗೂ ಪಾಲಿದೆ" ಎಂದು ಜೊತೆಗೇ ಬಂದರು. ಅಪ್ಪ ಒಳಗೆ ಕುರ್ಚಿಯಲ್ಲಿ ಕೂತಿದ್ದರು. ಅಮ್ಮ ಕ್ಯಾರಿಯರ್‌ನ ಮುಚ್ಚಳ ತೆಗೆದಳು. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಅವಳು ಸಾರಿನ ವಾಸನೆಯನ್ನು ಮೂಗಿಗೆ ಎಳೆದುಕೊಂಡು, "ಇದು ನಮ್ಮಕ್ಕನ ಕೈದು" ಅಂದಳು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಗುಡ್ಡೆ ಹಾಕಿದವನು ಕೊನೆಯಲ್ಲಿ ತೆಗೆದುಕೊಳ್ಳುತ್ತಾನೆ ಎಂಬ ಮಾತನ್ನೂ, ನಂಗೂ ಕ್ವಾಪ ಬಂದ್ಬುಡ್ತು ಎಂಬ ಮಾತನ್ನೂ ದೊಡ್ಡಪ್ಪ ಹೇಳಿದ ಹಾಗೆಯೇ ಹೇಳಿದೆ. ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಯಾವಾಗಲೂ ಪುಸ್ತಕದ ಹಾಗೆ ಮಾತಾಡುವ ಮನುಷ್ಯ, ಊರಿನ ಮಾತಿನಲ್ಲಿ ಕೇಳಿದರು: "ಒಲೆ ಅಚ್ಚಿದ್ದು ಯಾರು?"

ಮೇಡಂ ಕಡೆ ಕೈ ತೋರಿಸಿದೆ. ಅಪ್ಪ ಎದ್ದು ನಿಂತು ಕೈಮುಗಿದರು. ಮಧ್ಯಾಹ್ನವೇ ಅಂಗಡಿ ಮಟನ್ನಿನ ಊಟ ಮುಗಿಸಿದ್ದವರು, ತಟ್ಟೆ ತೆಗೆದುಕೊಂಡು ಮತ್ತೆ ಕೂತರು. ಅಮ್ಮನಿಗೆ, "ನೀನೂ ತಟ್ಟೆ ತಗೋ" ಅಂದರು. ಮಾರನೆಯ ದಿನ ಪಕ್ಕದ ಮನೆಯ ಫೋನಿನಿಂದ ಅಮ್ಮ ನನಗೆ ಫೋನು ಮಾಡಿದಳು. ಊರಿನ ಮನೆಯ ಬೀಗದ ಕೈ ನೇತಾಡುತ್ತಿದ್ದ ಮೊಳೆ ಬೆಳಿಗ್ಗೆ ಎದ್ದಾಗ ಖಾಲಿಯಿತ್ತಂತೆ. ಅಪ್ಪ ಮೊದಲ ಬಸ್ಸಿಗೇ ಹೋಗಿದ್ದರಂತೆ.

ಮೋರಿ ಆ ವರ್ಷವೇ ತಮ್ಮ ದೇಶಕ್ಕೆ ಹೋದರು. ಬಿರ್ಗಿಟ್ ಮೇಡಂ ಮುಂದಿನ ಹೊಸತೊಡಕಿಗೂ ಬಂದರು, ಹೊರಡುವಾಗ ಒಲೆಯನ್ನು ನಮ್ಮ ಜಗಲಿಯ ಗೂಡಿನಲ್ಲಿಟ್ಟು ಹೋದರು. ಅವರಿಗೆ ಒಂದು ಭಾನುವಾರ ತುಂಬಿಸಿಕೊಡಲು ಹೊರಟವಳು ನಾನು. ಅವರು ನಮ್ಮಮ್ಮನಿಗೆ ಅವಳ ಅಕ್ಕನನ್ನು, ನನಗೆ ನನ್ನ ಊರನ್ನು ತುಂಬಿಸಿಕೊಟ್ಟು ಹೋದರು. ಈ ಋಣವನ್ನು ಎಲ್ಲಿ ತೀರಿಸಲಿ? ಈಗ ಅವರು ಎಲ್ಲಿದ್ದಾರೋ ತಿಳಿಯದು. ಎಲ್ಲೇ ಇರಲಿ, ಹನ್ನೊಂದು ಗಂಟೆಯ ಕಾಫಿ ತಪ್ಪದಿರಲಿ.

ದೊಡ್ಡಪ್ಪ ತೀರಿಕೊಂಡ ಮೇಲೆ ಗುಡ್ಡೆ ಹಾಕುವವರು ಯಾರು ಎಂಬ ಮಾತು ಬಂದಾಗ, ಊರವರು ಅಪ್ಪನ ಕಡೆಯೇ ನೋಡಿದರಂತೆ. ಈ ಸಲ ನಾನೂ ಮಗಳೂ ಕಾರಿಳಿದು ಹೋಗುವ ಹೊತ್ತಿಗೆ ಅಪ್ಪ ಅರಳೀಕಟ್ಟೆಯ ಮುಂದೆ ಕೂತಿದ್ದರು. ವಯಸ್ಸು ಎಂಬತ್ತು ದಾಟಿದೆ. ಆದರೂ ತುಂಡು ತುಂಡು ನೋಡಿ ಇಡುತ್ತಿದ್ದರು. ತಕ್ಕಡಿ ಎಲ್ಲೂ ಇರಲಿಲ್ಲ. ಒಬ್ಬೊಬ್ಬರೇ ಬಂದು ತಮಗೆ ಬೇಕಾದ್ದನ್ನು ಆರಿಸಿಕೊಂಡು ಹೋದರು. ತೆಂಗಿನ ಗರಿಯ ಮೇಲೆ ಒಂದೇ ಒಂದು ಗುಡ್ಡೆ ಉಳಿಯಿತು. ಅಪ್ಪ ಮಂಡಿ ಹಿಡಿದುಕೊಂಡು ಎದ್ದು ನಿಂತು, ಊರಿಗೆಲ್ಲ ಕೇಳುವಂತೆ, ಆ ವರ್ಷದಿಂದ ನಮ್ಮ ಮನೆಯ ಪಾಲಿಗೆ ಊರವರೇ ಇಟ್ಟಿರುವ ಹೆಸರನ್ನು ತಾವೇ ಕೂಗಿದರು:

"ಮೇಡಮ್ಮೋರ ಗುಡ್ಡೆ!"

ಆಮೇಲೆ ತಾವೇ ಬಗ್ಗಿ, ಎರಡೂ ಕೈಯೊಡ್ಡಿ ತೆಗೆದುಕೊಂಡರು.